ಹುಳು ಮನೆಯಲ್ಲಿ ಮಲಗಿದವಳು

“ಗುರುಗಳೇ, ಗರ್ಭ ತೆಗೆಸಿಕೊಂಡು ಬಂದ ಹೆಣ್ಣಿಗೆ ಎಷ್ಟು ದಿನ ಮೈಲಿಗೆ?” ಎಂದು ಶಿಷ್ಯ ಮಾಚಯ್ಯ ಕೇಳಿದ.

“ಯಾರು ಕೇಳಿಸಿದ ಪ್ರಶ್ನೆ ಇದು?”

“ಅವ್ವ ಕೇಳಿಕೊಂಡು ಬಾ ಅಂದಳು.”

“ತಪ್ಪು ನಿಮ್ಮ ಪ್ರಶ್ನೆಯಲ್ಲೇ ಇದೆ. ಮೈಲಿಗೆ ಎಷ್ಟು ದಿನ ಎಂದು ತಿಳಿಯಲು ಬಿಸಿಲಲ್ಲಿ ಇಷ್ಟು ದೂರ ನಡೆದು ಬಂದೆ. ಆರೈಕೆ ಎಷ್ಟು ದಿನ ಎಂದು ಪಕ್ಕದ ಮನೆಯಲ್ಲಿ ಕೂಡ ಕೇಳಲಿಲ್ಲ. ಕೂತುಕೋ” ಎಂದರು ಗುರುಗಳು. ಮಾಚಯ್ಯ ಕೂತ. ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತ ರೇಷ್ಮೆ ಹುಳು ಸಾಕುತ್ತಿದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಎರಡು ಮಕ್ಕಳು. ಹೆಂಡತಿ ಮತ್ತೆ ಬಸುರಿಯಾದಳು. ಮೂರನೆಯದು ಬೇಡವೆಂದು ಗಂಡ ಹೆಂಡತಿ ಇಬ್ಬರೂ ಕೂಡಿ ಯೋಚಿಸಿದರು, ಕೂಡಿಯೇ ಆಸ್ಪತ್ರೆಗೆ ಹೋದರು. ಕೆಲಸ ಮುಗಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು: “ಸುಸ್ತು ಹೋಗುವವರೆಗೆ ಭಾರ ಎತ್ತಬೇಡಮ್ಮ. ಹೊತ್ತುಹೊತ್ತಿಗೆ ಊಟ ಮಾಡು, ನೀರು ಕುಡಿ, ಕೊಟ್ಟ ಮಾತ್ರೆ ಪೂರಾ ಮುಗಿಸು. ಕೆಲವು ದಿನ ರಕ್ತ ಹೋಗುತ್ತೆ, ಅದಕ್ಕೆ ಹೆದರಬೇಡ. ಆದರೆ ಬಟ್ಟೆ ಮೇಲೆ ಬಟ್ಟೆ ನೆನೆದರೆ, ಚಳಿ ಬಂದು ಮೈ ಸುಟ್ಟರೆ, ಕೆಟ್ಟ ವಾಸನೆ ಬಂದರೆ, ತಡೆಯಲಾರದ ನೋವಾದರೆ, ಆ ಕ್ಷಣವೇ ಹೊರಟು ಬಾ. ನೀನೂ ಕೇಳಿಸಿಕೊಳ್ಳಪ್ಪ. ರಕ್ತ ನಿಂತು ಅವಳು ಹೂಂ ಅನ್ನುವವರೆಗೆ ಅವಳ ಹಾಸಿಗೆಯ ಹತ್ತಿರ ಸುಳಿಯಬೇಡ.”

ರೈತ ತಲೆಯಾಡಿಸಿದ. ತಲೆಯಾಡಿಸುವುದು ಸುಲಭ.

ಮನೆಯ ಬಾಗಿಲಲ್ಲಿ ಅತ್ತೆ ಅವಳನ್ನು ತಡೆದಳು. “ಅಲ್ಲೇ ನಿಲ್ಲು. ಮೈಲಿಗೆ ಮೈಯಲ್ಲಿ ಹುಳು ಮನೆ ಕಡೆ ಹೋಗಬೇಡ. ಹುಳು ಕೆಡುತ್ತೆ. ಜಗಲಿ ಮೇಲೆ ಚಾಪೆ ಹಾಕಿದ್ದೀನಿ.”

ಸೊಸೆಗೆ ಆಶ್ಚರ್ಯವಾಗಲಿಲ್ಲ, ಇದು ಹೀಗೇ ಎಂದು ಗೊತ್ತಿತ್ತು. ಚಾಪೆಯ ಮೇಲೆ ಕೂತು ಬಿಸಿನೀರಿಗಾಗಿ ಕಾದಳು. ಎರಡು ಹೆರಿಗೆಗೂ ಈ ಅತ್ತೆಯೇ ಹಂಡೆ ತುಂಬ ನೀರು ಕಾಯಿಸಿ ಮೈಗೆ ಹಾಕಿದ್ದಳು. ಬೆಳ್ಳುಳ್ಳಿ ಹುರಿದು ಕೊಟ್ಟಿದ್ದಳು, ಮೆಣಸಿನ ಸಾರು ಬಡಿಸಿದ್ದಳು, ಕಿವಿಗೆ ಗಾಳಿ ಹೋಗದಂತೆ ತಲೆಗೆ ಬಟ್ಟೆ ಕಟ್ಟಿದ್ದಳು. ತಣ್ಣೀರು ಮುಟ್ಟಿದರೆ ಬೈಯುತ್ತಿದ್ದಳು. ಅವಳಿಗೆ ಆರೈಕೆ ಬಾರದೆ ಇರಲಿಲ್ಲ.

ನೀರು ಬರಲಿಲ್ಲ. ಸೊಸೆ ಬಾಯಿ ಬಿಟ್ಟು ಕೇಳಿದಳು.

“ಎಂಥ ನೀರು?” ಎಂದಳು ಅತ್ತೆ. “ತೊಟ್ಟಿಲು ಕಟ್ಟದ ಮನೆಯಲ್ಲಿ ಬಾಣಂತನವೇ? ಕೂಸಿಲ್ಲ, ಕುನ್ನಿಯಿಲ್ಲ. ಜನ ನಗ್ತಾರೆ.”

“ಕೂಸಿಲ್ಲ ಅಂದಮೇಲೆ ಮೈಲಿಗೆ ಯಾತರದು ಅತ್ತೆಮ್ಮ?”

“ಬಾಯಿ ಜೋರಾಯ್ತು ನಿಂಗೆ” ಎಂದು ಅತ್ತೆ ಒಳಗೆ ಹೋದಳು.

ಅದೇ ದಿನ ಹುಳುಗಳು ಪೊರೆ ಬಿಡಲು ಕೂತವು. ಹುಳು ಸಾಕುವ ಮನೆಯಲ್ಲಿ ಅದು ದೊಡ್ಡ ಹೊತ್ತು. ಹುಳು ಮೇಯುವುದನ್ನು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸ ಚರ್ಮ ಗಟ್ಟಿಯಾಗುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ, ತಟ್ಟೆ ಕದಲಿಸುವಂತಿಲ್ಲ. ರೈತ ಸುಣ್ಣದ ಪುಡಿ ಉದುರಿಸಿ, ಗಾಳಿಗೆ ಕಿಟಕಿ ತೆರೆದು, ತುದಿಗಾಲಲ್ಲಿ ಹೊರಗೆ ಬಂದ. ಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದು ಗದರಿದ, ಅದೂ ಪಿಸುಮಾತಿನಲ್ಲಿ.

ದಾರಿಯಲ್ಲಿ ಹೋಗುತ್ತಿದ್ದ ನೆರೆಯವನು ನಕ್ಕ. “ಏನಯ್ಯ, ಮನೇಲಿ ಹಸೀ ಬಾಣಂತಿ ಇದ್ದಾಳೇನೋ ಅನ್ನೋ ಹಂಗೆ ಪಿಸಪಿಸ ಅಂತೀಯ!”

“ಬಾಣಂತಿಗಿಂತ ಒಂದು ಕೈ ಹೆಚ್ಚು ಕಣಣ್ಣ. ಹುಳು ಪೊರೆ ಬಿಡ್ತಾ ಇದೆ. ಈಗ ಅವಸರ ಮಾಡಿದರೆ ಬೆಳೆಯೇ ಹೋಯ್ತು.”

ಈ ಮಾತು ಜಗಲಿಯ ಮೇಲಿದ್ದವಳ ಕಿವಿಗೆ ಬಿತ್ತು. ಅವಳ ಕೈಯಲ್ಲಿ ಬಿದಿರಿನ ತಟ್ಟೆಗಳಿದ್ದವು. ಹುಳುವಿಗೆ ಬಿಡುವಾದಾಗ ಖಾಲಿ ತಟ್ಟೆ ತೊಳೆದು ಒಣಗಿಸುವುದು ಆ ಮನೆಯ ಪದ್ಧತಿ, ತೊಳೆಯುವುದು ಸೊಸೆಯ ಕೆಲಸ. ಅವಳು ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಕೆರೆಗೆ ಹೋದಳು, ತಣ್ಣೀರಲ್ಲಿ ನಿಂತು ಉಜ್ಜಿದಳು. ಹೊಟ್ಟೆ ಹಿಂಡಿತು. ಹಲ್ಲು ಕಚ್ಚಿ ಉಜ್ಜಿದಳು.

ಪೊರೆ ಕಳಚಿ ಹುಳು ಎದ್ದವು. ಎದ್ದ ಹುಳುವಿಗೆ ಹಸಿವು ಹೆಚ್ಚು. ಈಗ ತೋಟದಿಂದ ಹೊರೆಹೊರೆ ಹಿಪ್ಪುನೇರಳೆ ಸೊಪ್ಪು ಬರಬೇಕು. ಮೈಲಿಗೆಯವಳು ತಂದ ಸೊಪ್ಪನ್ನು ಹುಳುವಿಗೆ ಹಾಕಬಹುದೇ? ನೀರು ಚಿಮುಕಿಸಿ ಶುದ್ಧ ಮಾಡೋಣವೆಂದರೆ ಒದ್ದೆ ಸೊಪ್ಪು ಹುಳುವಿಗಾಗದು. ಅತ್ತೆ ಯೋಚಿಸಿ ತೀರ್ಪು ಕೊಟ್ಟಳು: “ಸೊಪ್ಪಿಗೆ ಮೈಲಿಗೆ ಅಂಟಲ್ಲ. ಹೊಸಿಲ ಹೊರಗೆ ಹೊರೆ ಇಳಿಸಿದರೆ ಆಯ್ತು.”

ನೋಡು ಮಾಚಯ್ಯ, ಎಷ್ಟು ಬುದ್ಧಿವಂತ ಮೈಲಿಗೆ! ಅವಳನ್ನು ಒಳಗೆ ಬಿಡುವುದಿಲ್ಲ, ಅವಳ ದುಡಿಮೆಯನ್ನು ಮಾತ್ರ ಒಳಗೆ ಬಿಡುತ್ತದೆ.

ಹೊರೆ ಹೊತ್ತವಳ ಬಟ್ಟೆ ನೆನೆಯಿತು. ಬದಲಿಸಿದಳು, ಮತ್ತೆ ನೆನೆಯಿತು. ಗಂಡನನ್ನು ತೋಟದ ಬದುವಿನಲ್ಲಿ ನಿಲ್ಲಿಸಿ ಹೇಳಿದಳು. “ಡಾಕ್ಟರಮ್ಮ ಹೇಳಿದ ಹಾಗೇ ಆಗ್ತಿದೆ. ಹೋಗೋಣ ನಡೀರಿ.”

“ಹುಳು ಈಗ ತಾನೇ ಎದ್ದಿವೆ. ಈ ಹೊತ್ತಲ್ಲಿ ಬಿಟ್ಟು ಬರೋದು ಹೆಂಗೆ? ಒಂದೆರಡು ದಿನ ತಡ್ಕೋ.”

ಅವಳು ಅವನ ಮುಖ ನೋಡಿದಳು. ಅವನು ಕೆಟ್ಟವನಲ್ಲ, ಎಂದೂ ಕೈಯೆತ್ತಿದವನಲ್ಲ. ಹುಳು ಮೇಯದಿದ್ದರೆ ನಿದ್ದೆ ಮಾಡದವನು. ಅದು ನೆನಪಾಗಿ ಅವಳಿಗೆ ಇನ್ನೂ ಸಿಟ್ಟು ಬಂತು.

ಕಡೆಯ ಹೊರೆಯನ್ನು ಅವಳು ಹೊಸಿಲ ಹೊರಗೆ ಇಳಿಸಲಿಲ್ಲ. ಹೊತ್ತುಕೊಂಡೇ ಹೊಸಿಲು ದಾಟಿ ಹುಳು ಮನೆಯೊಳಗೆ ಹೋದಳು. ಹೊರೆ ಕೆಳಗೆ ಹಾಕಿದಳು. ತಟ್ಟೆಗಳ ಸಾಲಿನ ನಡುವೆ ನೆಲದ ಮೇಲೆ ಮಲಗಿಬಿಟ್ಟಳು.

ಅತ್ತೆ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು. “ಅಯ್ಯೋ ಹಾಳಾದವಳೇ, ಹುಳು ಕೆಡುತ್ತಲ್ಲೇ, ಏಳೇ!”

“ಏಳಲ್ಲ ಅತ್ತೆಮ್ಮ. ಈ ಮನೆಯಲ್ಲಿ ಸುಮ್ಮನೆ ಮಲಗೋಕೆ ಬಿಡೋ ಜಾಗ ಇದೊಂದೇ. ಇಲ್ಲಿ ಪೊರೆ ಬಿಡೋರನ್ನ ಯಾರೂ ಮುಟ್ಟಲ್ಲ, ಯಾರೂ ಕೆಲಸ ಹೇಳಲ್ಲ. ನನ್ನನ್ನೂ ಒಂದು ಹುಳು ಅಂದ್ಕೊಳ್ಳಿ.”

ರೈತ ಓಡಿ ಬಂದ. ಅವಳ ನೋವು ಕೇಳಿ ಓಡಿ ಬಂದವನಲ್ಲ, ಹುಳುವಿನ ಭಯಕ್ಕೆ ಓಡಿ ಬಂದವನು. ಹೊರಗೆ ಹಾಕಲೆಂದು ಎತ್ತಿದ. ಆಗ ನೆಲ ಕಂಡಿತು, ನೆಲದ ಮೇಲಿನ ರಕ್ತವೂ ಕಂಡಿತು.

ನೆರೆಯವನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರಮ್ಮ ಚಿಕಿತ್ಸೆ ಮುಗಿಸಿ ಹೊರಗೆ ಬಂದು ರೈತನ ಮುಂದೆ ನಿಂತಳು. “ಗರ್ಭದ ಚೂರು ಒಳಗೆ ಸ್ವಲ್ಪ ಉಳಿದುಕೊಂಡಿತ್ತು. ಅದು ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತೆ. ಅವಳು ಹೇಳಿದ ಕೂಡಲೇ ಕರೆತಂದಿದ್ದರೆ ಸಣ್ಣ ಕೆಲಸ. ಇಷ್ಟು ರಕ್ತ ಹೋಗಲು ಬಿಟ್ಟವರು ಯಾರು?”

ಅವಳು ಬದುಕಿದಳು. ಆಸ್ಪತ್ರೆಯಿಂದ ನೇರ ತವರಿಗೆ ಹೋದಳು. ಅವಳ ತಾಯಿ ಏನನ್ನೂ ಕೇಳದೆ ಹಂಡೆಗೆ ಉರಿ ಹಾಕಿದಳು. ಇತ್ತ, ಅವಳ ರಕ್ತ ಬಿದ್ದ ಕೋಣೆಯಲ್ಲಿ ಹುಳುಗಳು ಒಂದೂ ಕೆಡದೆ ಮೇದು, ನೂಲು ತುಂಬಿ ಹಣ್ಣಾಗಿ, ಬಿಳಿಯ ಗೂಡು ಕಟ್ಟಿದವು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಮೈಲಿಗೆ ಅನ್ನುವುದು…” ಎಂದು ಮಾಚಯ್ಯ ತೊಡಗಿದ.

“ಮೈಲಿಗೆಯ ಮಾತು ಬಂದಾಗ ಗರ್ಭ ತೆಗೆಸಿದ್ದನ್ನು ಹೆರಿಗೆ ಎಂದಿರಿ. ಆರೈಕೆಯ ಮಾತು ಬಂದಾಗ ಏನೂ ಅಲ್ಲ ಎಂದಿರಿ. ಎರಡು ನಾಲಿಗೆಯಲ್ಲಿ ಒಬ್ಬಳ ಮೈಯನ್ನು ಹಂಚಿಕೊಂಡಿರಿ. ಇನ್ನು ಮೈಲಿಗೆಯ ಮಾತು ಸಾಕು. ನಿನ್ನ ಹೆಂಡತಿ ಆಸ್ಪತ್ರೆಯಿಂದ ಎಂದು ಬಂದಳು?”

ತನ್ನ ಹೆಂಡತಿಯೆಂದು ಮಾಚಯ್ಯ ಹೇಳಿರಲಿಲ್ಲ.

“ನಿನ್ನೆ.”

“ಈಗ ಎಲ್ಲಿದ್ದಾಳೆ?”

“ಕೆರೆಯಲ್ಲಿ. ಮನೆ ಶುದ್ಧಿಯಾಗಬೇಕು, ಕಂಬಳಿ ಜಮಖಾನ ಎಲ್ಲ ಒಗೆದು ತಾ ಅಂತ ಅವ್ವ ಕಳಿಸಿದಳು.”

ಗುರುಗಳು ಅವನ ಚಪ್ಪಲಿಯನ್ನು ಅವನ ಮುಂದೆ ಸರಿಸಿದರು.

“ಇನ್ನೂ ಕೂತಿದ್ದೀಯಲ್ಲ! ಏಳು, ಓಡು, ಆ ಒದ್ದೆ ಕಂಬಳಿಯನ್ನು ಅವಳ ಕೈಯಿಂದ ಕಿತ್ತುಕೋ.”