ಕಾಶವ್ವನ ಮೊಣಕಾಲು, ತಿಪ್ಪಣ್ಣನ ಬಿಕಾಸು

ಕೇಳ್ರಪಾ, ಎಲ್ಲರ ಮನೆಯಲ್ಲೂ ಒಬ್ಬ ಜಾಣ ಇರುತ್ತಾನೆ. ಕಾಶವ್ವನ ಮನೆಯಲ್ಲಿ ತಿಪ್ಪಣ್ಣ ಇದ್ದ. ಇಪ್ಪತ್ತೆಂಟು ವರ್ಷದ ಮಗ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ರೋಗ.

ಗುಡ್ಡದ ಗವಿ ನೋಡಲು ಪರದೇಶದವರು ಬಂದಿಳಿಯುವ ವಸತಿಗೃಹದಲ್ಲಿ ಕಾಶವ್ವ ಇಪ್ಪತ್ತು ವರ್ಷ ಕಸ ಹೊಡೆದು, ನೆಲ ಒರೆಸಿ ಮೊಣಕಾಲು ಸವೆಸಿಕೊಂಡಿದ್ದಳು. ಸಾಕಾಗಿತ್ತು ಅವಳಿಗೆ, ಖರೇನೇ ಸಾಕಾಗಿತ್ತು. ತನ್ನ ಬದಲಿಗೆ ಮಗನನ್ನು ಇಟ್ಟುಕೊಳ್ಳಿರೆಂದು ಮ್ಯಾನೇಜರ್ ಹೊಸಮನಿಯವರ ಮುಂದೆ ಸೆರಗೊಡ್ಡಿದಳು. ಮೊಣಕಾಲು ನೋವು ಅಂತೀಯಲ್ಲ, ಅದಕ್ಕಾಗಿ ಮಗನನ್ನು ತಗೋತೀನಿ, ಆದರೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು ಅಂದರು ಅವರು.

ಊರ ಶಾಲೆಯ ಹೂಲಿ ಮಾಸ್ತರರು ತಿಂಗಳಿಡೀ ಗಂಟಲು ಹರಿದುಕೊಂಡು ಚಿಲ್ಲರೆ ಮಾತುಗಳ ಜೊತೆ ಎರಡು ಮಾತು ಗಟ್ಟಿ ಮಾಡಿಸಿದರು. ಕಾರಣ ಹೇಳುವಾಗ ‘ಬಿಕಾಸ್’, ಅದರಿಂದ ಆಗುವುದನ್ನು ಹೇಳುವಾಗ ‘ಸೋ’. ಏನೇ ಹೇಳು, ಕಾರಣ ಸಮೇತ ಹೇಳು ಅಂದರು.

ಕೆಲಸದ ಮೊದಲ ದಿನವೇ ಪರದೇಶದ ಗಂಡ ಹೆಂಡತಿ ರೈಲಿಗೆ ಹೊರಟರು. ಹೊಸ್ತಿಲು ದಾಟಬೇಕು, ಅಡುಗೆಯವನು ಸೀನಿದ. ಒಂಟಿ ಸೀನು. ತಿಪ್ಪಣ್ಣ ಬಾಗಿಲಿಗೆ ಅಡ್ಡ ನಿಂತು, “ನೋ ಗೋ. ಬಿಕಾಸ್ ಅಕ್ಷೀ. ಸೋ, ಸಿಟ್” ಅಂದ. ಏನೋ ಗಂಡಾಂತರವಿರಬೇಕೆಂದು ಅವರು ಕೂತರು. ಇವನು ಕುಡಿಯಲು ನೀರು ಕೊಟ್ಟ, ಅದನ್ನೂ ಕುಡಿದರು. ರೈಲು ಮಾತ್ರ ಕೂರಲಿಲ್ಲ, ಹೋಯಿತು.

ಹೊಸಮನಿಯವರು ಬಾಯಿಗೆ ಬಂದಂತೆ ಬೈದು, ಇನ್ನು ಮೇಲೆ ಕಣ್ಣಿಗೆ ಕಾಣುವ ಕಾರಣ ಇದ್ದರೆ ಮಾತ್ರ ಹೇಳು ಅಂದರು.

ಮರುದಿನ ಒಬ್ಬ ಬಿಳಿಯ ಮುದುಕಿ, ಬಿಸಿನೀರು ಯಾಕಿಲ್ಲ ಅಂತ ಕೇಳಿದಳು. ಕಟ್ಟಿಗೆ ಉಳಿಯಲೆಂದು ಹಂಡೆಗೆ ಉರಿ ಹಾಕಗೊಡದವರು ಹೊಸಮನಿಯವರೇ. ತಿಪ್ಪಣ್ಣ ಮುದುಕಿಯನ್ನು ಆಫೀಸಿಗೆ ಕರೆದೊಯ್ದು, ಅವರ ಮುಂದೆ ನಿಲ್ಲಿಸಿ, ಬೆರಳು ಮಾಡಿ ತೋರಿಸಿ, “ಬಿಕಾಸ್, ದಿಸ್” ಅಂದ.

ಮುದುಕಿ ಆಚೆ ಹೋಗುವ ತನಕ ಹೊಸಮನಿಯವರು ಹಲ್ಲು ಕಚ್ಚಿಕೊಂಡಿದ್ದರು. ಆಮೇಲೆ, ಯಾವ ಕಾರಣ ಇದ್ದರೂ ನನಗೊಬ್ಬನಿಗೇ ಬಂದು ಹೇಳು, ಬೇರೆ ಯಾರ ಮುಂದೂ ಬಾಯಿ ಬಿಡಬೇಡ ಅಂದರು. ಕಾಶವ್ವ ಕುಂಟುತ್ತಾ ಮೆಟ್ಟಿಲು ಹತ್ತಿ ಮತ್ತೆ ಕೈಮುಗಿದಳು. ನಿನ್ನ ಮುಖ ನೋಡಿ ಇಟ್ಟುಕೊಂಡೀನಿ ಅನ್ನಿಸಿಕೊಂಡು ಬಂದಳು.

ಅಲ್ಲಿಂದ ಒಂದು ತಿಂಗಳು ತಿಪ್ಪಣ್ಣ ತುಟಿ ಬಿಚ್ಚಲಿಲ್ಲ. ಕಾಶವ್ವ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೊತ್ತೇರಿದ ಮೇಲೆ ಎದ್ದಳು. ಕೂತು ಉಂಡಳು. ಮಗ ದಿನಾ ಅವಳ ಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದ, ಪೆದ್ದನಾದರೂ ಕರುಳು ಒಳ್ಳೆಯದು. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದು ನಿಂತಳು. ನೋವು ಹೋತು ನೋಡೋ ತಮ್ಮಾ ಅಂತ ಹಿಗ್ಗಿ ಹೇಳಿದಳು. ಮಗ ಅವಳಿಗಿಂತ ಹಿಗ್ಗಿದ. ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದವನು ಗಳಿಗೆಯೊಳಗೆ ತಿರುಗಿ ಬಂದ.

“ಯಾಕೋ, ಇಷ್ಟ್ ಲಗೂ ಬಂದಿ?”

“ಸಾಹೇಬ್ರಿಗೆ ಒಬ್ಬರಿಗೇ ಹೇಳಿ ಬಂದೆ, ಅವ್ವಾ. ಬ್ಯಾರೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿನ್ನ ಮೊಣಕಾಲು ನೋವು ಅಂತ ನನಗ ಕೆಲಸ ಕೊಟ್ಟಿದ್ರು. ಈಗ ನೋವು ಹೋಗೇತಿ. ಸೋ, ನಾಳಿಂದ ನೀನ ಬರ್ತಿ ಅಂತ ಹೇಳಿದೆ.”

ಕಾಶವ್ವ ಗೋಡೆ ಹಿಡಿದಳು.

“ಅವರು ಏನಂದ್ರು?”

“ಭಾಳ ಖುಷಿ ಆದ್ರು. ನಿನಗಂತ ಹೊಸಾ ಕಸಬರಿಗಿ ತರಿಸ್ತಾರಂತ.”

ಕಾಶವ್ವ ಬೈಯಲಿಲ್ಲ. ಬೈದರೆ ಕೊನೆಗೊಂದು ಬುದ್ಧಿಮಾತು ಹೇಳಬೇಕಾಗುತ್ತದೆ, ಅದನ್ನೂ ಇವನು ಹೇಳಿದ ಹಾಗೇ ಮಾಡಿಬಿಡುತ್ತಾನೆ. ಮರುದಿನ ಕೋಳಿ ಕೂಗುವ ಮೊದಲೇ ಎದ್ದು, ಸೀರೆ ಎತ್ತಿ ಕಟ್ಟಿ, ಕೆಲಸಕ್ಕೆ ಹೊರಟಳು.