ಮಿಂಚಿಯ ಮೈಮೇಲಿನ ಮುತ್ತುಗಳು

ಆಗಷ್ಟೇ ಸಮುದ್ರಕ್ಕೆ ಉಪ್ಪು ಹಾಕಿ ಮುಗಿದಿತ್ತು. ಹದವಾಗಿದೆಯೇ ಎಂದು ಯಾರೂ ಇನ್ನೂ ರುಚಿ ನೋಡಿರಲಿಲ್ಲ. ಗಾಳಿಗೆ ದಿಕ್ಕು ಗೊತ್ತಿರಲಿಲ್ಲ, ಹೊಳೆಗೆ ದಾರಿ ಗೊತ್ತಿರಲಿಲ್ಲ. ಮದುವೆ ಮಾಡುವುದು ಹೇಗೆಂದು ಮಾತ್ರ ಮೀನುಗಳಿಗೆ ಆಗಲೇ ಗೊತ್ತಿತ್ತು.

ಒಂದು ಹವಳದ ದಿಬ್ಬದಲ್ಲಿ ನೀಲಕ್ಕ ಎಂಬ ನೀಲಿ ಮೀನು ಇದ್ದಳು. ಅವಳಿಗೆ ಒಬ್ಬಳೇ ಮಗಳು, ಮಿಂಚಿ. ಮಿಂಚಿಗೆ ಮದುವೆ ಗೊತ್ತಾಗಿತ್ತು.

ಆ ದಿಬ್ಬದಲ್ಲಿ ಒಂದು ಶಾಸ್ತ್ರವಿತ್ತು. ಮದುವೆಗೆ ಬಂದ ಹೆಂಗಸರಲ್ಲಿ ಯಾರ ಮೈಮೇಲೆ ಹೆಚ್ಚು ಒಡವೆಯೋ ಅವಳು ಮದುಮಗಳ ಮೈಗೆ ಮೈ ತಾಗಿಸಬೇಕು. ಅವಳ ಭಾಗ್ಯ ಇವಳಿಗೂ ಅಂಟಲಿ ಎಂದು. ಭಾಗ್ಯವಲ್ಲದೆ ಬೇರೇನಾದರೂ ಅಂಟೀತು ಎಂದು ಯಾರೂ ಯೋಚಿಸಿರಲಿಲ್ಲ. ಲೋಕ ಇನ್ನೂ ಹೊಸದು.

ದೂರದ ಕಡಲಿನಿಂದ ಹಳದಮ್ಮ ಎಂಬ ಹಳದಿ ಮೀನು ಮದುವೆಗೆ ಬಂದಳು. ಅವಳ ಮೈತುಂಬ ರವೆ ಉದುರಿಸಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆ.

"ಅಯ್ಯೋ, ಮುತ್ತು ನೋಡ್ರೇ!" ಎಂದಿತು ಒಂದು ಮೀನು.

"ರೆಕ್ಕೆಗೂ ಕೂರಿಸಿಕೊಂಡಿದ್ದಾಳೆ ಮಾರಾಯ್ತಿ! ನಮ್ಮನೆಯವರು ಒಂದು ಖಾಲಿ ಚಿಪ್ಪು ತಂದುಕೊಟ್ಟವರಲ್ಲ" ಎಂದಿತು ಇನ್ನೊಂದು.

ಹಳದಮ್ಮ ಏದುಸಿರು ಬಿಡುತ್ತಿದ್ದಳು. ಪ್ರಯಾಣದ ಆಯಾಸ ಎಂದರು. ಊಟ ಬೇಡವೆಂದಳು. ದೊಡ್ಡ ಮನೆತನದವರು ಹಾಗೇ ಎಂದರು. ಬಂಡೆಗೆ ಪಕ್ಕೆ ಉಜ್ಜಿಕೊಂಡಳು. ಮುತ್ತಿಗೆ ಹೊಳಪು ಕೊಡುತ್ತಿದ್ದಾಳೆ ಎಂದರು. ಎಲ್ಲದಕ್ಕೂ ಒಂದೊಂದು ಒಳ್ಳೆಯ ಕಾರಣ ಸಿಕ್ಕಿತು.

"ಮುತ್ತು ಚಿಪ್ಪಿನೊಳಗೆ ಹುಟ್ಟುತ್ತದೆ, ಚರ್ಮದೊಳಗಲ್ಲ" ಎಂದಿತು ಪಕ್ಕದ ಬಿಲದ ಏಡಿ.

"ನಿನಗೆ ಹೊಟ್ಟೆಯುರಿ, ಸುಮ್ಮನಿರು" ಎಂದಳು ನೀಲಕ್ಕ.

ಏಡಿ ಬಿಲದೊಳಗೆ ಸರಿಯಿತು. ಅದರ ಮೈಗೆ ಗಟ್ಟಿ ಕವಚವಿತ್ತು. ಅಂಟುವುದೇನಿದ್ದರೂ ಅದಕ್ಕಂತೂ ಅಂಟುವಂತಿರಲಿಲ್ಲ.

ಹಳದಮ್ಮ ಮಿಂಚಿಯ ಮೈಗೆ ಮೈ ತಾಗಿಸಿದಳು. ಶಾಸ್ತ್ರ ಚೆನ್ನಾಗಿ ನಡೆಯಿತು ಎಂದು ಎಲ್ಲರೂ ಹೇಳಿದರು.

ಮದುವೆಗೆ ಇನ್ನೂ ದಿನವಿತ್ತು. ಕೆಲವು ದಿನ ಕಳೆಯಿತು. ಮಿಂಚಿಯ ರೆಕ್ಕೆಯ ಮೇಲೂ ಬಿಳಿ ಚುಕ್ಕೆ ಮೂಡಿದವು. ನೀಲಕ್ಕನಿಗೆ ಸಂತೋಷವೋ ಸಂತೋಷ.

"ಅಮ್ಮಾ, ತುರಿಸ್ತದೆ."

"ಹೊಸ ಒಡವೆ ಅಲ್ವಾ ಮಗಾ, ಹಾಗೇ. ರೂಢಿಯಾಗ್ತದೆ."

ಒಂದು ಬೆಳಿಗ್ಗೆ ಎದ್ದು ನೋಡಿದರೆ ಚುಕ್ಕೆಗಳೆಲ್ಲ ಮಾಯ. ನೀಲಕ್ಕ ಮರಳನ್ನೆಲ್ಲ ಕೆದಕಿ ಅತ್ತಳು.

"ಕಳೆದುಹೋಗಿಲ್ಲ ಬಿಡು" ಎಂದಿತು ಏಡಿ. "ಮರಳಿನಲ್ಲಿ ಮಲಗಿವೆ. ಮರಿ ಮಾಡ್ತಾವೆ."

ಏಡಿಯ ಮಾತು ಮುಗಿಯುವಷ್ಟರಲ್ಲಿ ಮರಳಿನ ಮೇಲಿದ್ದ ಒಂದು ಮುತ್ತು ಒಡೆಯಿತು. ಒಳಗಿನಿಂದ ಧೂಳಿನಂತೆ ನೂರಾರು ಹುಳ ಎದ್ದವು. ಎದ್ದವು, ಈಜಿದವು, ಕಂಡಕಂಡ ಮೀನಿನ ಮೈಗೆ ಅಂಟಿಕೊಂಡು ಚರ್ಮದೊಳಗೆ ಮನೆ ಮಾಡಿದವು.

ದಿಬ್ಬದ ಎಲ್ಲರ ಮೈಮೇಲೂ ಈಗ ಮುತ್ತು. ಬಡವರ ಮನೆಗೂ ಮುತ್ತು ಬಂತಲ್ಲ ಎಂದು ಹಿರಿಯರು ಹಿಗ್ಗಿದರು. ಮಿಂಚಿ ಮಾತ್ರ ಬಂಡೆಯ ಕೆಳಗೆ ಬಿದ್ದುಕೊಂಡು ಕಿವಿರು ಬಡಿಯುತ್ತಿದ್ದಳು. ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ನೀಲಕ್ಕನಿಗೆ ಆಗ ಅರ್ಥವಾಯಿತು. ಅರ್ಥವಾಗುವುದು ಸಾಮಾನ್ಯವಾಗಿ ಆ ಹೊತ್ತಿಗೇ.

ಅವಳು ಗಾಳಿಯನ್ನು ಕೇಳಿದಳು. "ನೀರೊಳಗಿನ ವಿಷಯ ನನಗೆ ಬರುವುದಿಲ್ಲ" ಎಂದಿತು ಗಾಳಿ.

ಕಡಲನ್ನು ಕೇಳಿದಳು. "ನಿನ್ನ ಮಗಳೂ ನನ್ನ ಮಗಳೇ, ಆ ಹುಳಗಳೂ ನನ್ನ ಮಕ್ಕಳೇ. ಯಾರ ಪರ ವಹಿಸಲಿ?" ಎಂದಿತು ಕಡಲು.

ಕೊನೆಗೆ ಹೊಳೆಯನ್ನು ಕೇಳಿದಳು. ಹೊಳೆ ಆಗ ತಾನೇ ದಾರಿ ಹುಡುಕಿಕೊಂಡು ಅಳಿವೆಗೆ ಬಂದಿತ್ತು.

"ನಾನೂ ಕಡಲೂ ಬೆರೆಯುವ ಈ ಜಾಗಕ್ಕೆ ಮಗಳನ್ನು ಕರೆತಾ ತಂಗಿ" ಎಂದಿತು ಹೊಳೆ. "ಇಲ್ಲಿ ಉಪ್ಪು ಕಮ್ಮಿ. ಆ ಹುಳಗಳಿಗೆ ಬದುಕಲಾಗುವುದಿಲ್ಲ. ಪೂರ್ತಿ ನನ್ನೊಳಗೆ ಬರಬೇಡಿ, ನೀವೇ ಉಳಿಯುವುದಿಲ್ಲ. ಚುಕ್ಕೆ ಮಾಯವಾಯಿತೆಂದು ಕೂಡಲೇ ಮನೆಗೆ ಓಡಬೇಡಿ. ನಿಮ್ಮ ಮನೆಯ ಮರಳೇ ಹುಳದ ತೊಟ್ಟಿಲು."

ನೀಲಕ್ಕ ದಿಬ್ಬಕ್ಕೆ ಬಂದು ಎಲ್ಲರನ್ನೂ ಕರೆದಳು.

"ಈಗಲೇ ಹೊರಡೋದಾ? ಚಪ್ಪರ ಹಾಕಿ ಆಗಿದೆ ನೀಲಕ್ಕ. ಮದುವೆ ಮುಗಿಸಿಕೊಂಡು ಹೋದರಾಯಿತು" ಎಂದರು ಹಿರಿಯರು. ಮದುಮಗನೂ ಹಿರಿಯರ ಮಾತು ಮೀರುವವನಲ್ಲ.

ತಾಯಿ ಮಗಳು ಇಬ್ಬರೇ ಹೊರಟರು. ಹಳದಮ್ಮ ಅಷ್ಟರಲ್ಲಿ ಇನ್ನೊಂದು ಮದುವೆಗೆ ಹೋಗಿದ್ದಳು.

ಅಳಿವೆಯ ಕಲಕು ನೀರಿನಲ್ಲಿ ಅವರು ಬಹಳ ಕಾಲ ಇದ್ದರು. ಚುಕ್ಕೆ ಉದುರಿದವು. ಆದರೂ ಇದ್ದರು. ಮಿಂಚಿ ಉಸಿರಾಡಿದಳು. ಆದರೂ ಇದ್ದರು. "ಇನ್ನು ಹೋಗಬಹುದು" ಎಂದು ಹೊಳೆ ಹೇಳಿದ ಮೇಲೆಯೇ ಊರಿಗೆ ಬಂದರು.

ಪಾಚಿಯ ಚಪ್ಪರ ಹಾಗೇ ಇತ್ತು. ಕೆಳಗೆ ಏಡಿಯೊಂದೇ ಕೂತಿತ್ತು.

"ಬನ್ನಿ, ಇನ್ನು ಭಯವಿಲ್ಲ" ಎಂದಿತು ಏಡಿ. "ಮರಳಿನಿಂದ ಹುಳಗಳು ಎದ್ದವು. ಅಂಟಿಕೊಳ್ಳಲು ಒಂದು ಮೀನೂ ಸಿಗಲಿಲ್ಲ. ಹಸಿದು ಸತ್ತವು."

ದಿಬ್ಬ ಈಗ ಬಹಳ ಆರೋಗ್ಯವಾಗಿತ್ತು. ಅಲ್ಲಿ ಯಾರೂ ಇರಲಿಲ್ಲ.

ಮಿಂಚಿ ಚಪ್ಪರದ ಕೆಳಗೆ ಒಂದು ಸುತ್ತು ಈಜಿದಳು. ಬಂಡೆಯ ಹತ್ತಿರ ಹೋಗಿ ಮೆಲ್ಲಗೆ ಪಕ್ಕೆ ಉಜ್ಜಿಕೊಂಡಳು. ಮೈಮೇಲೆ ಈಗ ಏನೂ ಇರಲಿಲ್ಲ, ನೆನಪಿತ್ತು ಅಷ್ಟೇ.

ಎಷ್ಟೋ ಕಾಲದ ಮೇಲೆ ಮಿಂಚಿಯನ್ನು ಕೇಳಿಕೊಂಡು ಇನ್ನೊಬ್ಬ ವರ ಬಂದ. ನುಣುಪು ಮೈ, ಒಂದು ಚುಕ್ಕೆಯಿಲ್ಲ.

"ಮೊದಲು ಅಳಿವೆಯಲ್ಲಿ ಒಬ್ಬನೇ ಇದ್ದು ಬಾ" ಎಂದಳು ನೀಲಕ್ಕ.

"ನಾನು ನಿಮ್ಮ ಅಳಿಯನಾಗುವವನು ಅತ್ತೇ!"

"ಅದಕ್ಕೇ ಹೇಳಿದ್ದು" ಎಂದಳು ನೀಲಕ್ಕ.

ಅದಕ್ಕೇ ಪುಟ್ಟಾ, ನೀನು ಎಷ್ಟು ಅತ್ತರೂ ನಿನ್ನ ಅಜ್ಜ ಹೊಸದಾಗಿ ತಂದ ಕಡಲ ಮೀನನ್ನು ಗಾಜಿನ ತೊಟ್ಟಿಗೆ ಬಿಡದೆ ಮೂಲೆಯ ಬಕೆಟ್ಟಿನಲ್ಲಿ ಒಂಟಿಯಾಗಿ ಇಟ್ಟಿರುವುದು. ತೊಟ್ಟಿಯ ನೀಲಿ ಮೀನು ಯಾವಾಗಲಾದರೂ ಕಲ್ಲಿಗೆ ಪಕ್ಕೆ ಉಜ್ಜಿಕೊಂಡರೆ, ಆಟವಾಡುತ್ತಿದೆ ಎಂದು ಚಪ್ಪಾಳೆ ತಟ್ಟದೆ ನೀನು ಅಜ್ಜನನ್ನು ಕೂಗಿ ಕರೆಯಬೇಕಾದದ್ದು.