ಮದ್ದು ತಿನ್ನುವ ಮಣ್ಣು

"ಅಜ್ಜಾರ, ಇನ್ನೂ ಎಷ್ಟು ತೊಳಕೊಂಡ್ರ ಇದು ಹೋಗ್ತದ?"

ಕೇಳಿದವನು ಈರಯ್ಯ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಲೈನ್‌ಮನ್ ಆಗಿದ್ದ. ಒಂದು ಮಧ್ಯಾಹ್ನ, ಗೆಳೆಯ ಕಂಬದಿಂದ ಇಳಿದನೋ ಇಲ್ಲವೋ ಎಂದು ವಿಚಾರಿಸದೆ ಕರೆಂಟು ಬಿಟ್ಟುಬಿಟ್ಟ. ಗೆಳೆಯ ಬದುಕಿದ, ಅವನ ಬಲಗೈ ಉಳಿಯಲಿಲ್ಲ. ಆ ಗೆಳೆಯ ಈಗ ಮೂರು ಹರದಾರಿ ಆಚೆಯ ಊರಿನಲ್ಲಿ ಒಂದೇ ಕೈಯಿಂದ ಚಹಾದಂಗಡಿ ನಡೆಸುತ್ತಿದ್ದ. ಈರಯ್ಯ ಕೆಲಸ ಬಿಟ್ಟು ಮಠ ಸೇರಿದ. ಮೂರು ಹೊತ್ತು ತಣ್ಣೀರಿನ ಸ್ನಾನ, ಒಂದೇ ಹೊತ್ತು ಊಟ, ಸೋಮವಾರ ನಿಟ್ಟುಪವಾಸ. ಕೂರುವ ಜಾಗವನ್ನು ಎರಡು ಸಲ ಒರೆಸದೆ ಕೂರುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಆ ಕಂಬವೇ ಕಾಣುತ್ತಿತ್ತು.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜನವರು ಎನ್ನುತ್ತಿದ್ದರು. ಅವರು ಶಿಷ್ಯನನ್ನು ಮೇಲಿಂದ ಕೆಳಗೆ ನೋಡಿದರು. ಆಗಷ್ಟೇ ಮಿಂದು ಬಂದ ಅವನ ಧೋತರದಿಂದ ನೀರು ಇಳಿಯುತ್ತಿತ್ತು.

"ಮೊದಲು ಧೋತರ ಹಿಂಡಿಕೊಂಡು ಬಂದು ಕುಂದರು. ಮಠದ ಕಲ್ಲಿಗೂ ನೆಗಡಿ ಆದೀತು," ಎಂದರು. ಅವನು ಹಿಂಡಿಕೊಂಡು ಬಂದು ಕುಳಿತ. ಅಜ್ಜನವರು ಕತೆ ಶುರುಮಾಡಿದರು.

ಒಂದು ಮದ್ದಿನ ಕಾರ್ಖಾನೆ. ಅಲ್ಲಿ ಒಬ್ಬ ಕೆಲಸಗಾರನಿದ್ದ. ಫಿರಂಗಿಯ ಗುಂಡುಗಳಿಗೆ ಸಿಡಿಮದ್ದು ತುಂಬುವುದು ಅವನ ಕೆಲಸ. ಹಳದಿ ಮದ್ದನ್ನು ಹಬೆಯಲ್ಲಿ ಕರಗಿಸಿ, ಗುಂಡಿನ ಹೊಟ್ಟೆಗೆ ಹೊಯ್ದು, ಅದು ಆರುವ ತನಕ ಕಾಯಬೇಕು. ಅಲ್ಲಿ ಸ್ವಚ್ಛತೆ ಎಂದರೆ ಜೀವ. ಒಂದು ಹರಳು ಮರಳು ಕಾಲಡಿ ಉಜ್ಜಿದರೂ ಇಡೀ ಶೆಡ್ಡು ಹಾರಿಹೋಗಬಹುದು. ಅದಕ್ಕೇ ಹೊರಗಿನ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗಿನ ಬೂಟು ಹಾಕಿಕೊಳ್ಳಬೇಕು. ಕಬ್ಬಿಣ ಕಿಡಿ ಹಾರಿಸುತ್ತದೆಂದು ಹತ್ಯಾರವೆಲ್ಲ ಹಿತ್ತಾಳೆಯವು. ದಿನಕ್ಕೆ ನಾಲ್ಕು ಸಲ ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು. ಮೂವತ್ತು ವರ್ಷ ಅವನು ಹಾಗೆ ದುಡಿದ. ಅವನ ಶೆಡ್ಡಿನಲ್ಲಿ ಒಂದು ಕಿಡಿಯೂ ಹಾರಲಿಲ್ಲ, ಯಾರ ಒಂದು ಬೆರಳೂ ಹೋಗಲಿಲ್ಲ. ನಿವೃತ್ತನಾದ ದಿನ ಹಾರ ಹಾಕಿ ಕಳಿಸಿದರು. ತನ್ನ ಕೈ ಶುದ್ಧ ಎಂದು ಅವನೂ ನಂಬಿದ್ದ.

ಆ ಗುಂಡುಗಳನ್ನು ಪರೀಕ್ಷೆಗೆಂದು ಒಂದು ಬೋಳುಗುಡ್ಡದ ಮೇಲೆ ಹಾರಿಸುತ್ತಿದ್ದರು. ಹೆಚ್ಚಿನವು ಬಿದ್ದ ಕೂಡಲೇ ಸಿಡಿದವು. ಕೆಲವು ಸಿಡಿಯಲಿಲ್ಲ. ಕೆಲವು ಗುರಿ ತಪ್ಪಿ ಗುಡ್ಡದ ಬುಡದ ಹೊಲಕ್ಕೂ ಬಿದ್ದವು. ಸಿಡಿಯದವು ಮಣ್ಣಿನಲ್ಲಿ ಹೂತು, ತುಕ್ಕು ಹಿಡಿದು, ಮಳೆಗಾಲಕ್ಕೊಮ್ಮೆ ಒಳಗಿನ ಮದ್ದನ್ನು ಸ್ವಲ್ಪ ಸ್ವಲ್ಪವೇ ಸೋರಿಸುತ್ತಿದ್ದವು. ಪರೀಕ್ಷೆ ನಿಂತು ಹದಿನೈದು ವರ್ಷವಾಗಿತ್ತು. ಜನ ಅದನ್ನು ಮರೆತಿದ್ದರು. ಒಂದು ದಿನ ಆ ಹೊಲದ ರೈತನ ನೇಗಿಲು ಅಂಥ ಒಂದು ಗುಂಡಿಗೆ ತಾಗಿತು. ರೈತ ಹೋದ, ಎತ್ತುಗಳೂ ಹೋದವು. ಹೆಂಡತಿ ಬುತ್ತಿ ಹೊತ್ತು ಬದುವಿನ ಮೇಲೆ ಬರುತ್ತಿದ್ದಳು. ಅವಳ ಕಣ್ಣೆದುರೇ ಆಯಿತು.

ಸುದ್ದಿ ಪತ್ರಿಕೆಯಲ್ಲಿ ಬಂತು. ಜೊತೆಗೆ ಗುಂಡಿನ ಒಂದು ಚೂರಿನ ಚಿತ್ರವಿತ್ತು. ಚೂರಿನ ಮೇಲೆ ಒತ್ತಿದ ಗುರುತನ್ನು ಕೆಲಸಗಾರ ನೋಡಿದ. ಅದು ಅವನ ಶೆಡ್ಡಿನ ಗುರುತು. ಗುಂಡು ಬಿದ್ದಾಗಲೇ ಏಕೆ ಸಿಡಿಯಲಿಲ್ಲ, ಮದ್ದು ತುಂಬಿದವನ ತಪ್ಪೋ, ಮುಂದೆ ಅದನ್ನು ಜೋಡಿಸಿದವನ ತಪ್ಪೋ, ಹೇಳುವವರು ಈಗ ಯಾರೂ ಇಲ್ಲ. ಅವನು ಮನೆಗೆ ಬೀಗ ಹಾಕಿದ. ಒಂದು ಟ್ರಂಕು ತೆಗೆದುಕೊಂಡು ಆ ಊರಿಗೆ ಬಂದ. ಒಂದು ಕೋಣೆ ಬಾಡಿಗೆಗೆ ಹಿಡಿದ. ತಾನು ಯಾರೆಂದು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಸೈನ್ಯದವರು ಬಂದು, ಸಿಡಿಯದೆ ಉಳಿದ ಗುಂಡುಗಳನ್ನೆಲ್ಲ ಯಂತ್ರ ಹಿಡಿದು ಹುಡುಕಿ, ತೆಗೆದು ಒಯ್ದಿದ್ದರು. ಗುಂಡುಗಳು ಹೋದವು. ಮಣ್ಣಿಗೆ ಇಳಿದ ಮದ್ದು ಹೋಗಲಿಲ್ಲ. ಹೊಲದ ಬಾವಿಯ ನೀರು ಕೆಂಪಗೆ ತಿರುಗಿತ್ತು. ಅದನ್ನು ಕುಡಿದ ಗಬ್ಬದ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ತಾಲೂಕು ಕಚೇರಿಯವರು ಬಂದು ರೈತನ ಹೆಂಡತಿಗೆ ಗಡುವು ಕೊಟ್ಟರು. ಎರಡು ಮುಂಗಾರಿನೊಳಗೆ ಮಣ್ಣು ಶುದ್ಧವಾಗದಿದ್ದರೆ ಹೊಲಕ್ಕೆ ಶಾಶ್ವತವಾಗಿ ತಂತಿಬೇಲಿ ಬೀಳುತ್ತದೆ, ಬಾವಿಯನ್ನು ಮುಚ್ಚುತ್ತಾರೆ. ಆ ಹೊಲದಲ್ಲೇ ಗಂಡ ಬಿದ್ದ ಜಾಗವಿತ್ತು. ಅವಳು ಅದರ ಸುತ್ತ ಕಲ್ಲಿಟ್ಟಿದ್ದಳು. ಪ್ರತಿ ಅಮಾವಾಸ್ಯೆಗೆ ಅಲ್ಲಿ ದೀಪ ಹಚ್ಚಿ ಎಡೆ ಇಡುತ್ತಿದ್ದಳು. ಆ ಕಲ್ಲುಗಳೊಳಗೆ ಯಾರನ್ನೂ ಕಾಲಿಡಲು ಬಿಡುತ್ತಿರಲಿಲ್ಲ. ಸೈನ್ಯದವರಿಗೂ ಹೊರಗೆ ನಿಂತು ಯಂತ್ರ ಆಡಿಸಲು ಬಿಟ್ಟಳೇ ಹೊರತು ಒಂದು ಹಿಡಿ ಮಣ್ಣು ಎತ್ತಲು ಬಿಡಲಿಲ್ಲ. ಹೊಲ ಹೋದರೆ ಆ ಜಾಗವೂ ಬೇಲಿಯ ಒಳಗೆ ಹೋಗುತ್ತಿತ್ತು.

ಕೃಷಿ ಕಾಲೇಜಿನಿಂದ, ಮಣ್ಣಿನ ವಿಷಯ ಓದಿದ ಒಬ್ಬ ಹೆಣ್ಣುಮಗಳು ಬಂದಳು. "ಈ ಮದ್ದನ್ನ ತಿನ್ನೋ ಜೀವಿಗಳು ಅದಾವ. ಕಣ್ಣಿಗೆ ಕಾಣಂಗಿಲ್ಲ. ಸೆಗಣಿ, ಕೊಳತ ಹುಲ್ಲು, ಬೆಲ್ಲದ ನೀರು ಕೊಟ್ಟು ಅವನ್ನ ಸಾಕಬೇಕು. ಅವು ಮದ್ದನ್ನ ಮುರದು ಮುರದು ಮಣ್ಣು ಮಾಡ್ತಾವ," ಎಂದಳು. ಆ ಕಲ್ಲುಗಳ ಜಾಗ ಬಿಟ್ಟು ಉಳಿದ ವಿಷದ ಮಣ್ಣನ್ನೆಲ್ಲ ಅಗೆಸಿ, ದಪ್ಪ ತಾಡಪತ್ರಿ ಹಾಸಿ, ಅದರ ಮೇಲೆ ಉದ್ದಕ್ಕೆ ಗುಡ್ಡೆ ಹಾಕಿಸಿದಳು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಕೆಲಸಗಾರ ಮುಂದೆ ಬಂದ. ಸಂಬಳ ಬೇಡವೆಂದ. ಸಾಯುವ ಮೊದಲು ಆ ಹೆಂಗಸಿಗೆ ಅವಳ ಹೊಲವನ್ನು ಶುದ್ಧ ಮಾಡಿ ಕೊಡಬೇಕೆಂಬುದೊಂದೇ ಅವನ ಆಸೆ.

ಇಲ್ಲಿ ಅಜ್ಜನವರು ಸ್ವಲ್ಪ ನಕ್ಕರು. "ಇನ್ನ ಅವನ ಮಡಿ ಕೇಳು," ಎಂದರು.

ಕೆಲಸಗಾರ ಆ ಗುಡ್ಡೆಯನ್ನು ತನ್ನ ಶೆಡ್ಡಿನಂತೆಯೇ ನೋಡಿಕೊಂಡ. ದೂರದಲ್ಲೇ ಚಪ್ಪಲಿ ಬಿಟ್ಟ. ಕೈಗೆ ರಬ್ಬರ್ ಗವಸು ಹಾಕಿದ. ಊರಿನ ಸೆಗಣಿ ಹೊಲಸೆಂದು ಪೇಟೆಯಿಂದ ಪ್ಯಾಕೆಟ್ ಗೊಬ್ಬರ ತರಿಸಿದ. ಹುಲ್ಲನ್ನು ತೊಳೆದು, ಒಣಗಿಸಿ, ಆಮೇಲೆ ಹಾಕಿದ. ಎರಡು ವಾರಕ್ಕೆ ಗುಡ್ಡೆ ನಾತ ಹೊಡೆಯಿತು. ಬಿಳಿ ಬೂಸು ಬಂತು. ನೊಣ ಮುತ್ತಿದವು. ಅವನಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಮೂವತ್ತು ವರ್ಷದಲ್ಲಿ ಅವನ ಕೈಕೆಳಗೆ ಯಾವುದೂ ಹೀಗೆ ಕೊಳೆತಿರಲಿಲ್ಲ. ಬೂಸನ್ನು ಕೆರೆದು ತೆಗೆದ. ಬೆಳಿಗ್ಗೆ ಸಂಜೆ ಬಕೆಟ್ಟಿನಲ್ಲಿ ಫಿನಾಯಿಲ್ ಬೆರೆಸಿ ಗುಡ್ಡೆಗೆ ಹೊಯ್ದ. ನಾತ ನಿಂತಿತು. ನೊಣ ಹೋದವು. ಗುಡ್ಡೆ ಆಸ್ಪತ್ರೆಯ ವರಾಂಡದ ಹಾಗೆ ವಾಸನೆ ಬೀರಿತು. ಎಷ್ಟೋ ದಿನಗಳ ಮೇಲೆ ಅವನಿಗೆ ನೆಮ್ಮದಿಯಾಯಿತು.

ಮೊದಲ ಮುಂಗಾರಿಗೆ ಮುಂಚೆ ಆ ಹೆಣ್ಣುಮಗಳು ಬಂದು ಮಣ್ಣಿನ ಪರೀಕ್ಷೆ ಮಾಡಿದಳು. ಮೊದಲ ದಿನ ಎಷ್ಟು ವಿಷವಿತ್ತೋ ಅಷ್ಟೂ ಇತ್ತು. ಅವಳು ಒಂದು ಹಿಡಿ ಮಣ್ಣನ್ನು ಮೂಗಿನ ಹತ್ತಿರ ತಂದಳು.

"ಕಾಕಾ, ಇದಕ್ಕ ಏನು ಹಾಕಿದ್ರಿ?"

"ಹೊಲಸು ಏನೂ ಹಾಕಿಲ್ರೀ. ಎರಡೂ ಹೊತ್ತು ಫಿನಾಯಿಲ್ ಹೊಡದು ಸ್ವಚ್ಛ ಇಟ್ಟೇನಿ."

ಅವಳು ಆ ಮಣ್ಣನ್ನು ಮೆಲ್ಲಗೆ ಗುಡ್ಡೆಯ ಮೇಲೆ ಬಿಟ್ಟಳು. "ದುಡಿಯೋರನ್ನೆಲ್ಲಾ ಕೊಂದಿರಲ್ಲ ಕಾಕಾ," ಎಂದಳು.

ಈರಯ್ಯ ತಡೆಯಲಾರದೆ ನಡುವೆ ಬಾಯಿ ಹಾಕಿದ. "ಸ್ವಚ್ಛ ಇಟ್ಟದ್ದು ತಪ್ಪೇನ್ರಿ ಅಜ್ಜಾರ?"

"ಶೆಡ್ಡಿನ್ಯಾಗ ತಪ್ಪಲ್ಲ. ಅಲ್ಲಿ ಮದ್ದು ಸಿಡೀಬಾರದಾಗಿತ್ತು. ಇಲ್ಲಿ ಅದು ಕರಗಬೇಕಾಗಿತ್ತು," ಎಂದು ಅಜ್ಜನವರು ಮುಂದುವರಿಸಿದರು.

ಗಡುವಿನ ಅರ್ಧ ಹೀಗೆ ಹಾಳಾಯಿತು. ಇನ್ನು ಉಳಿದದ್ದು ಒಂದೇ ಮುಂಗಾರು. ಹೊರಗಿನಿಂದ ತಂದ ಜೀವಿಗಳು ಇಷ್ಟು ವಿಷವನ್ನು ಅಷ್ಟು ಬೇಗ ಅರಗಿಸಲಾರವು ಎಂದು ಆ ಹೆಣ್ಣುಮಗಳು ಹೇಳಿದಳು. ಈ ಮದ್ದಿನ ಜೊತೆಗೇ ವರ್ಷಗಟ್ಟಲೆ ಬದುಕಿದವು ಬೇಕು. ತಿನ್ನಲು ಬೇರೇನೂ ಸಿಗದೆ ಅದನ್ನೇ ತಿನ್ನಲು ಕಲಿತವು ಬೇಕು. ಗುಂಡು ಬಹುಕಾಲ ಸೋರುತ್ತ ಬಿದ್ದಿದ್ದ ಜಾಗದಲ್ಲಿ ಅಂಥವು ಇರುತ್ತವೆ. ಆದರೆ ಅಂಥ ಜಾಗಗಳ ಮಣ್ಣೆಲ್ಲ ಗುಡ್ಡೆಗೆ ಸೇರಿ ಫಿನಾಯಿಲ್ ಕುಡಿದಾಗಿತ್ತು. ಆ ಹೊಲದಲ್ಲಿ ಯಾರೂ ಮುಟ್ಟದೆ ಉಳಿದದ್ದು ಒಂದೇ ಜಾಗ. ಅದು ರೈತ ಸತ್ತ ಜಾಗ.

"ಮಳಿಗಾಲ ಮುಗಿಯೋ ತನಕ ಗುಡ್ಡೀನ ಗಾಳಿಗೆ ಬಿಡ್ರಿ, ಫಿನಾಯಿಲ್ ಕಸುವು ಹೋಗಲಿ. ಆಮ್ಯಾಲೆ ಆ ಕಲ್ಲೊಳಗಿನ ಮಣ್ಣು ಒಂದು ಬುಟ್ಟಿ ಬೆರಸ್ರಿ. ಆಕಿನ್ನ ನೀವಾ ಕೇಳ್ರಿ," ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಮಳೆಗಾಲ ಮುಗಿಯಿತು. ಫಿನಾಯಿಲ್ ವಾಸನೆ ಹೋಯಿತು. ಕೆಲಸಗಾರ ಕೇಳಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಅವನು ಗುಡ್ಡೆಯ ಸುತ್ತ ಗುಡಿಸಿದ. ತಾಡಪತ್ರಿಯ ಅಂಚು ತೊಳೆದ. ಮತ್ತೆ ಗುಡಿಸಿದ. ಆ ಮಣ್ಣು ಕೇಳಬೇಕಾದರೆ ಅವಳ ಬಾಗಿಲಿಗೆ ಹೋಗಬೇಕು. ತಾನು ಯಾರೆಂದು ಹೇಳದೆ ಅದನ್ನು ಕೇಳುವ ಮುಖ ಅವನಿಗಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಗುಡಿಸುವುದು ಸುಲಭವಾಗಿತ್ತು.

ಒಂದು ಬೆಳಿಗ್ಗೆ, ಬೇಲಿಯ ಕೆಲಸದವರು ಬಂದು ಹೊಲದ ಅಳತೆ ತೆಗೆದುಕೊಂಡು ಹೋದರು. ಅವತ್ತು ಅವನು ಪೊರಕೆ ಕೆಳಗಿಟ್ಟು ಅವಳ ಮನೆಗೆ ಹೋದ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲ ಹೊರಗೇ ನಿಂತ.

"ಯವ್ವಾ, ನಿನ್ನ ಗಂಡನ್ನ ಕೊಂದ ಗುಂಡು ನಮ್ಮ ಶೆಡ್ಡಿಂದು. ಮದ್ದು ತುಂಬಿದ ಕೈ ನಂದಾ ಇರಬೇಕು."

ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ತೆಗೆಯಲಿಲ್ಲ.

"ಇಷ್ಟು ಹೇಳಾಕ ನಿನಗ ಎರಡು ದೀಪಾವಳಿ ಬೇಕಾದುವೇನು?" ಎಂದಳು.

ಅವನು ಮಣ್ಣು ಕೇಳಿದ. ಏಕೆ ಬೇಕೆಂದು ಹೇಳಿದ. ಫಿನಾಯಿಲ್ ಹೊಯ್ದು ಒಂದು ವರ್ಷ ಹಾಳುಮಾಡಿದವನು ತಾನೇ ಎಂಬುದನ್ನೂ ಹೇಳಿದ. ಅವಳು ಹೋಗೆಂದು ಕೈಮಾಡಿದಳು. ಅವನು ಹೋದ. ದಾರಿಯಲ್ಲಿ ಅವನಿಗೆ ಅಳು ಬಂತು. ಜನ ನೋಡುತ್ತಿದ್ದರೂ ಅತ್ತ.

ಮೂರು ದಿನ ಕಳೆದು ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಅವಳು ಹೊಲಕ್ಕೆ ಬಂದಳು. ದೀಪ ಹಚ್ಚಿದಳು, ಎಡೆ ಇಟ್ಟಳು. ಎರಡು ಕಲ್ಲು ಸರಿಸಿದಳು. ಸಲಿಕೆ ಹಾಕಲಿಲ್ಲ, ಕೈಯಿಂದಲೇ ಮಣ್ಣು ಬಾಚಿ ಬುಟ್ಟಿ ತುಂಬಿದಳು. ಎತ್ತಿಕೊಳ್ಳಲೆಂದು ಅವನು ಮುಂದೆ ಬಂದ.

"ನೀ ಮುಟ್ಟಬ್ಯಾಡ," ಎಂದಳು. ತಾನೇ ಹೊತ್ತು ತಂದು ಗುಡ್ಡೆಯ ಮೇಲೆ ಸುರಿದಳು. "ಇದು ನಿನಗ ಕೊಟ್ಟದ್ದಲ್ಲ. ಹೊಲಕ್ಕ ಕೊಟ್ಟದ್ದು."

ಆಮೇಲೆ ಅವಳು ದಿನವೂ ಬಂದಳು. ತನ್ನ ಎಮ್ಮೆಯ ಸೆಗಣಿ ತಂದಳು, ಕೊಳೆತ ಜೋಳದ ಕಣಿಕೆ ತಂದಳು. ಅವನು ಗವಸು ಬಿಚ್ಚಿಟ್ಟು ಸೆಗಣಿ ಕಲಸಿದ. ಬೆಲ್ಲದ ನೀರು ಹೊಯ್ದ. ವಾರಕ್ಕೆರಡು ಸಲ ಗುಡ್ಡೆಯನ್ನು ತಿರುವಿ ಹಾಕಿದ. ನಾತ ಬಂತು, ಬೂಸು ಬಂತು, ನೊಣ ಬಂದವು. ಅವನ ಉಗುರುಗಳು ಕಪ್ಪಾದವು. ಊಟಕ್ಕೆ ಕುಳಿತಾಗ ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಮೊದಲ ದಿನ ಅವನಿಗೆ ವಾಂತಿಯಾಯಿತು, ಎರಡನೆಯ ದಿನ ಉಂಡ. ಇಬ್ಬರೂ ಗುಡ್ಡೆಯ ಎರಡು ತುದಿಯಲ್ಲಿ ದುಡಿದರು. ಅವಳು ಮನೆಯಿಂದ ತಂದ ನೀರನ್ನು ತಾನು ಕುಡಿದು ಮುಚ್ಚಿಡುತ್ತಿದ್ದಳು. ಅವನಿಗೆ ಕೊಡಲಿಲ್ಲ, ಅವನೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಗುಡ್ಡೆ ಒಳಗಿನಿಂದ ಕಾಯತೊಡಗಿತು. ಚಳಿಯ ಬೆಳಿಗ್ಗೆ ಅದರಿಂದ ಹಬೆ ಏಳುತ್ತಿತ್ತು. ಒಂದು ದಿನ ಅವಳು ಗುಡ್ಡೆಯ ಮೇಲೆ ಅಂಗೈ ಇಟ್ಟಳು. ಜೀವ ಇರುವ ಮೈಯಷ್ಟೇ ಬಿಸಿ ಇತ್ತು. ಬಹಳ ಹೊತ್ತು ಅವಳು ಕೈ ತೆಗೆಯಲಿಲ್ಲ. ಕೆಲಸಗಾರ ಬೇರೆ ಕಡೆ ಮುಖ ತಿರುಗಿಸಿ ನಿಂತ.

ಎರಡನೆಯ ಮುಂಗಾರಿಗೆ ಹದಿನೈದು ದಿನ ಇರುವಾಗ ಮಣ್ಣು ಓದಿದ ಹೆಣ್ಣುಮಗಳು ಬಂದಳು. ವಿಷ ನೂರರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಬಾವಿ ತಿಳಿಯಾಗಲು ಇನ್ನೂ ಕೆಲವು ವರ್ಷ ಬೇಕು ಎಂದಳು. ಹೊಲದ ಮೂಲೆಯಲ್ಲಿ ತಂದಿಟ್ಟಿದ್ದ ತಂತಿಯ ಸುರುಳಿಗಳನ್ನು ಕಚೇರಿಯವರು ವಾಪಸ್ ಒಯ್ದರು. ಗುಡ್ಡೆಯ ಮಣ್ಣನ್ನು ಅವರಿಬ್ಬರೂ ಸೇರಿ ಹೊಲಕ್ಕೆ ಹರವಿದರು. ಅವಳು ಹೆಸರುಕಾಳು ಬಿತ್ತಿದಳು. ಮಳೆ ಬಂತು, ಬೀಜ ಮೊಳೆಯಿತು.

ಅಜ್ಜನವರು ಕತೆ ನಿಲ್ಲಿಸಿದರು. ಈರಯ್ಯನ ಕಣ್ಣುಗಳು ತುಂಬಿದ್ದವು. ಅವನು ಕೇಳಿದ.

"ಕಡೀಕ ಆಕಿ ಅವನ್ನ ಕ್ಷಮಾ ಮಾಡಿದಳೇನ್ರಿ ಅಜ್ಜಾರ?"

"ಅದು ಹೋಗಿ ಬಂದವ ಕೇಳೋ ಮಾತು, ತಮ್ಮಾ, ನೀ ಇನ್ನೂ ಹೋಗೇ ಇಲ್ಲ," ಎಂದರು ಅಜ್ಜನವರು.

ಈರಯ್ಯ ಬಾಗಿಲಾಚೆ, ಗೆಳೆಯನ ಚಹಾದಂಗಡಿಯ ಊರಿಗೆ ಹೋಗುವ ದಾರಿಯತ್ತ ನೋಡಿದ.